ಹತ್ತು ನಿಮಿಷದ ತಂಪು

ಕಳೆದ ವಾರ ಹುಬ್ಬಳ್ಳಿಯ ಒಂದು ಮದುವೆ ಮಂಟಪದ ಎದುರು ಪರಿಚಯದವರ ಕಾರು ಹತ್ತಲು ಬಾಗಿಲು ತೆಗೆದೆ. ಮೂರು ತಾಸು ಬಿಸಿಲಿನಲ್ಲಿ ನಿಂತಿದ್ದ ಕಾರು. ಒಳಗಿನ ಗಾಳಿ ಮುಖಕ್ಕೆ ಬಡಿಯಿತು: ಕಾದ ರೆಕ್ಸಿನ್, ಕಾದ ಪ್ಲಾಸ್ಟಿಕ್, ಅದರ ಹಿಂದೆ ಹಳೆಯ ಬಟ್ಟೆ ಕಮರಿದಂಥ ಒಂದು ವಾಸನೆ. "ಹತ್ರಿ, ಎ.ಸಿ. ಹಚ್ಚಿದರ ಎರಡ ನಿಮಿಷದಾಗ ತಂಪಾಕ್ಕೈತಿ" ಎಂದರು ಅವರು. ಏನೋ ನೆಪ ಹೇಳಿ ಆಟೋ ಹಿಡಿದು ಮನೆಗೆ ಬಂದೆ. ಆ ವಾಸನೆ ನನ್ನ ಮಟ್ಟಿಗೆ ವಾರಾಣಸಿಯ ಒಂದು ಮೇ ತಿಂಗಳಿನದು. ಅದನ್ನು ಬರೆದಿಡಬೇಕು ಅಂದುಕೊಂಡು ಎರಡು ವರ್ಷವಾಗಿದೆ.

ನಾನು ಮೂವತ್ತು ವರ್ಷ ದಿನಪತ್ರಿಕೆಯೊಂದರ ಸುದ್ದಿ ವಿಭಾಗದಲ್ಲಿ ಕೆಲಸ ಮಾಡಿದವಳು. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದಿಷ್ಟು ಸರಿಯಾಗಿದ್ದರೆ ಉಳಿದದ್ದನ್ನು ಓದುಗರು ತಾವೇ ತಿಳಿದುಕೊಳ್ಳುತ್ತಾರೆ ಎಂದು ನಂಬಿ ಬದುಕಿದವಳು. ನಿವೃತ್ತಿಯಾದ ವರ್ಷ ಬೇಸಿಗೆಗೆ ತಮ್ಮ ರಾಜಶೇಖರನ ಮನೆಗೆ ಹೋದೆ. ಬೇಸಿಗೆಯಲ್ಲಿ ಯಾರೂ ವಾರಾಣಸಿಗೆ ಹೋಗುವುದಿಲ್ಲ. ಆದರೆ ಅವನ ಹೆಂಡತಿ ಗಿರಿಜಾ ತೀರಿಕೊಂಡು ಅದೇ ತಿಂಗಳಿಗೆ ಎರಡು ವರ್ಷ ತುಂಬುತ್ತಿತ್ತು. ಅವನು ಒಬ್ಬನೇ ಇರುವುದು ಬೇಡ ಎನಿಸಿತ್ತು.

ರಾಜು ಅಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಹೇಳುವ ವೈದ್ಯ. ಆ ಊರಿನಲ್ಲಿ ಹನ್ನೊಂದು ವರ್ಷದಿಂದ ಇದ್ದಾನೆ. ಭೇಲೂಪುರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ತಲೆಯ ಮೇಲೆ ನೇರ ತಾರಸಿ. ಮಕ್ಕಳಿಲ್ಲ. ಮನೆಯಲ್ಲಿ ಅವನೊಡನೆ ಇದ್ದದ್ದು ಕಡ್ಲಿ ಮಾತ್ರ.

ಕಡ್ಲಿ ಏಳು ವರ್ಷದ ಹೆಣ್ಣು ಲ್ಯಾಬ್ರಡಾರ್. ಹುರಿದ ಕಡಲೆಯ ಬಣ್ಣ, ಹಾಗಾಗಿ ಗಿರಿಜಾ ಇಟ್ಟ ಹೆಸರು. ನಾಯಿ ಕನ್ನಡ ಬಲ್ಲದು, ಹಿಂದಿ ಬಾರದು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಕೆಳಮನೆಯವರು "ಬೈಠೋ" ಎಂದರೆ ಕಡ್ಲಿ ನಿಂತೇ ಇರುತ್ತಿತ್ತು, "ಕುಂದರ" ಎಂದರೆ ಕೂರುತ್ತಿತ್ತು. ಗಿರಿಜಾ ಹೋದ ಮೇಲೆ ರಾಜು ದಿನಕ್ಕೆ ಆಡುವ ಕನ್ನಡವೆಲ್ಲ ಆ ನಾಯಿಯೊಂದಿಗೇ. ನಾನು ಹೋದ ಮೊದಲ ದಿನ ಅಡುಗೆಮನೆಯಿಂದ ಮಾತು ಕೇಳಿ ಯಾರೋ ಬಂದಿದ್ದಾರೆಂದು ಇಣುಕಿದೆ. "ಇವತ್ತ ಅನ್ನ ಸ್ವಲ್ಪ ಹತ್ತೇತಿ, ಬೈಬ್ಯಾಡ" ಎಂದು ಅವನು ಹೇಳುತ್ತಿದ್ದ. ಕಡ್ಲಿ ತಟ್ಟೆಯ ಮುಂದೆ ಕೂತು ಕೇಳುತ್ತಿತ್ತು. ಆ ನಾಯಿ ಅವನಿಗೆ ಏನು ಎಂಬುದನ್ನು ಬೇರೆ ಯಾರೂ ನನಗೆ ಹೇಳಬೇಕಾಗಲಿಲ್ಲ.

ಆ ವರ್ಷ ಬಿಸಿಲು ಬೇಗ ಏರಿತ್ತು. ಬೆಳಿಗ್ಗೆ ಎಂಟಕ್ಕೆಲ್ಲ ಅಸ್ಸಿ ಘಾಟಿನ ಮೆಟ್ಟಿಲುಗಳ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಅಲ್ಲಿನ ಬೀದಿನಾಯಿಗಳು ನೀರಿನಂಚಿನ ಕೆಸರನ್ನು ಕಾಲಿನಿಂದ ಕೆದರಿ ಗುಂಡಿ ಮಾಡಿಕೊಂಡು ಕತ್ತಿನವರೆಗೆ ಹುದುಗಿ ಮಲಗಿರುತ್ತಿದ್ದವು. ಹತ್ತರ ನಂತರ ಲೂ ಎನ್ನುವ ಒಣಗಾಳಿ ಪಶ್ಚಿಮದಿಂದ ಬೀಸತೊಡಗಿದರೆ ನಾಲ್ಕರವರೆಗೆ ಬೀದಿಯಲ್ಲಿ ಜನವಿಲ್ಲ. ಇದ್ದವರು ಗಮ್ಛಾ ಎಂಬ ಹೆಗಲವಸ್ತ್ರದಿಂದ ಕಣ್ಣಷ್ಟೇ ಬಿಟ್ಟು ಮುಖ ಸುತ್ತಿಕೊಂಡಿರುತ್ತಿದ್ದರು. ರಾಜುವಿನ ವಾರ್ಡಿಗೆ ದಿನವೂ ರಿಕ್ಷಾ ತುಳಿಯುವವರು, ಇಟ್ಟಿಗೆ ಹೊರುವವರು ಲೂ ಬಡಿದು ಬರುತ್ತಿದ್ದರು. ಸಂಜೆ ಬಂದು ಅವನು ಹೇಳುತ್ತಿದ್ದ: "ಬೆವರು ನಿಂತದ್ದು ಗೊತ್ತಾಗಂಗಿಲ್ಲ ಅಕ್ಕಾ ಅವರಿಗೆ. ಬೆವರು ನಿಂತ ಮ್ಯಾಲೆ ನಮ್ಮ ಕೈಯಾಗ ಭಾಳ ಹೊತ್ತು ಇರಂಗಿಲ್ಲ." ಇದನ್ನು ಬರೆಯುವುದಕ್ಕೆ ಕಾರಣವಿದೆ. ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು.

ವಿದ್ಯುತ್ತು ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿತ್ತು. ಇನ್ವರ್ಟರಿನ ಬ್ಯಾಟರಿ ಸತ್ತಿತ್ತು, ಹೊಸದು ಬರಬೇಕಿತ್ತು. ಫ್ಯಾನು ನಿಂತು ಹದಿನೈದು ನಿಮಿಷಕ್ಕೆ ಮನೆ ರೊಟ್ಟಿ ಹಂಚಿನಂತಾಗುತ್ತಿತ್ತು. ಅಂಥ ಹೊತ್ತಿನಲ್ಲಿ ರಾಜು ಕಡ್ಲಿಯನ್ನು ಕರೆದುಕೊಂಡು ಕೆಳಗಿಳಿದು, ಕಾರಿನಲ್ಲಿ ಎ.ಸಿ. ಹಾಕಿ, ಇಬ್ಬರೂ ಕೂರುತ್ತಿದ್ದರು. ಅವನು ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುತ್ತಿದ್ದ, ಅದು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿತ್ತು. ಹೀಗೆ ಒಂದು ತಿಂಗಳಲ್ಲಿ ಆ ನಾಯಿ ಒಂದು ವಿಷಯ ಕಲಿತಿತ್ತು: ಈ ಊರಿನಲ್ಲಿ ತಂಪಾದ ಜಾಗವೆಂದರೆ ಕಾರು. ಫ್ಯಾನು ನಿಂತ ಕೂಡಲೇ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತಿತ್ತು. ಕಾರಿನ ಬಾಗಿಲು ತೆರೆದರೆ ಹೇಳಿಸಿಕೊಳ್ಳದೆ ಹತ್ತುತ್ತಿತ್ತು.

ಕಾರು ಹೊಸದು. ದೂರದಿಂದಲೇ ಫೋನಿನ ಗುಂಡಿ ಒತ್ತಿ ಎಂಜಿನ್ನೂ ಎ.ಸಿ.ಯೂ ಶುರು ಮಾಡುವ ವ್ಯವಸ್ಥೆ ಅದರಲ್ಲಿತ್ತು. ಹತ್ತುವ ಮೊದಲು ಕಾರು ತಣ್ಣಗಾಗಿರಲಿ ಎಂದು ಮಾಡಿದ್ದು. ಹತ್ತು ನಿಮಿಷ ಓಡಿ ತಾನೇ ನಿಲ್ಲುತ್ತದೆ. ರಾಜು ಅದಕ್ಕೆ ಬೇರೆ ಉಪಯೋಗ ಕಂಡುಕೊಂಡಿದ್ದ. ಬ್ಯಾಂಕಿಗೆ, ತರಕಾರಿಗೆ, ಕ್ಷೌರಕ್ಕೆ ಹೋಗುವಾಗ ಕಡ್ಲಿಯನ್ನು ಕಾದ ಮನೆಯಲ್ಲಿ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಕಾರಿನಲ್ಲಿ ಬಿಟ್ಟು, ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿ, ಬೀಗ ಹಾಕಿ, ಫೋನಿನಲ್ಲಿ ಎ.ಸಿ. ಒತ್ತುತ್ತಿದ್ದ. ಒಂಬತ್ತು ನಿಮಿಷಕ್ಕೊಮ್ಮೆ ಕೂಗುವ ಅಲಾರಂ ಇಟ್ಟುಕೊಂಡಿದ್ದ. ಅದು ಕೂಗಿದಾಗ ಮತ್ತೆ ಒತ್ತುತ್ತಿದ್ದ.

ಒಮ್ಮೆ ಬ್ಯಾಂಕಿನಲ್ಲಿ ಅವನ ಜೊತೆ ನಾನೂ ಇದ್ದೆ. ಒಳಕೋಣೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಅವನು ಮೂರು ಸಲ ಒತ್ತಿದ, ಚಕ್ರ ತಿರುಗುತ್ತಲೇ ಇತ್ತು. ಸಹಿ ಹಾಕುತ್ತಿದ್ದವನು ಕಾಗದ ಬಿಟ್ಟು ಓಡಿದ. ಹೋಗಿ ನೋಡಿದರೆ ಕಡ್ಲಿ ಕಿಟಕಿಯ ಸಂದಿಗೆ ಮೂತಿ ಒತ್ತಿ ನಿಂತಿತ್ತು. ನಾಲಿಗೆಯ ಬಣ್ಣ ಗಾಢವಾಗಿತ್ತು. ರಾಜು ನೀರು ಕುಡಿಸಿ, ಕಿವಿ ತಿಕ್ಕಿ, ನಕ್ಕ. "ನೋಡು, ನನ್ನ ಬ್ಯಾಂಕಿನ ಕೆಲಸ ತಡ ಆತು, ಸಿಟ್ಟು ಬಂತೇನು?" ಎಂದ. ಆ ಸಂಜೆ ನನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು: "ಬ್ಯಾಂಕ್. 11.20ರಿಂದ 11.34. ನಾಲಿಗೆ ಕೆನ್ನೀಲಿ."

ಮರುದಿನ ಅವನು ಕಾಲೇಜಿಗೆ ಆಟೋದಲ್ಲಿ ಹೋಗಿದ್ದಾಗ ನಾನು ಕಾರಿನ ಕೀಲಿಯನ್ನೂ ಗೋಡೆಯ ಮೇಲಿನ ಉಷ್ಣಮಾಪಕವನ್ನೂ ತೆಗೆದುಕೊಂಡು ಕೆಳಗಿಳಿದೆ. ಖಾಲಿ ಕಾರಿನ ಸೀಟಿನ ಮೇಲೆ ಅದನ್ನಿಟ್ಟು, ಬಾಗಿಲು ಮುಚ್ಚಿ, ಎದುರಿನ ಚಹಾ ಅಂಗಡಿಯ ಚಪ್ಪರದಡಿ ಕೂತೆ. ಹದಿನೈದು ನಿಮಿಷದ ಮೇಲೆ ನೋಡಿದರೆ ಕೆಂಪು ಗೆರೆ ಐವತ್ತರ ಅಂಕಿ ಮುಟ್ಟಿ ನಿಂತಿತ್ತು. ಅದರಾಚೆ ಆ ಮಾಪಕದಲ್ಲಿ ಅಂಕಿಯೇ ಇರಲಿಲ್ಲ. ಬಾಗಿಲು ತೆರೆದಿಟ್ಟು ಒಳಗೆ ಗಾಳಿಯಾಡಿಸಿ, ಮಾಪಕ ಇಳಿದ ಮೇಲೆ ಗಾಜು ಎರಡು ಬೆರಳು ಇಳಿಸಿ ಮತ್ತೆ ಮಾಡಿದೆ. ಗೆರೆ ಅಲ್ಲಿಗೇ ಬಂತು. ಹೊತ್ತು ಕೂಡ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಕೇಳಿದ.

"ಅದಕ್ಕ ಅಲಾ ಎ.ಸಿ. ಹಚ್ಚೂದು? ಬರೇ ಗಾಜು ಇಳಿಸಿ ಬಿಡಾಕ ನಾ ಏನ್ ಹುಚ್ಚೇನು?"

"ಎ.ಸಿ. ನಿಂತ್ರ?"

"ನಿಂತ್ರ ನನ್ನ ಫೋನು ಕೂಗತೈತಿ."

"ಫೋನು ಕೂಗಿದ್ದು ನಿನಗ ಕೇಳಿಸ್ಲಿಲ್ಲಂದ್ರ?"

"ಅಕ್ಕಾ, ಐ.ಸಿ.ಯು.ದಾಗ ಹನ್ನೆರಡು ಮಶೀನಿನ ಕೂಗು ಕೇಳಿ ಯಾವುದು ಯಾರದು ಅಂತ ಹೇಳ್ತೇನಿ ನಾ. ಪೇಪರ್‌ನಾಕಿ ನೀ, ಎಲ್ಲಾದ್ರಾಗೂ ಅಪಘಾತದ ಸುದ್ದಿನ ಕಾಣ್ತೈತಿ ನಿನಗ."

ನಾನು ನಕ್ಕು ಸುಮ್ಮನಾದೆ. ಹೇಳುವುದನ್ನು ಹೇಳಿದ್ದೇನೆ ಎಂಬ ಸಮಾಧಾನ ನನಗಿತ್ತು. ಸುದ್ದಿಮನೆಯಲ್ಲಿ ಅಷ್ಟು ಸಾಕಾಗುತ್ತಿತ್ತು.

ಆ ತಿಂಗಳ ಮಧ್ಯದಲ್ಲಿ ಗಿರಿಜಾಳ ತಾಯಿ ನೀಲಮ್ಮನವರು ಬಂದರು. ಗದಗದ ಕಡೆಯ ಹಳ್ಳಿಯವರು, ಎಪ್ಪತ್ತು ದಾಟಿದವರು. ಅಳಿಯನ ಮನೆಯಲ್ಲಿ ಇಳಿಯಲಿಲ್ಲ. ಜಂಗಮವಾಡಿಯ ಓಣಿಯಲ್ಲಿ ಊರ ಕಡೆಯ ಹೆಣ್ಣುಮಕ್ಕಳು ಬಾಡಿಗೆಗೆ ಹಿಡಿದ ಕೋಣೆಯೊಂದರಲ್ಲಿ ಉಳಿದರು. "ಮಗಳಿಲ್ಲದ ಮನಿಯಾಗ ನಾ ಹ್ಯಾಂಗ ಅಡಗಿ ಮನಿಗೆ ಹೋಗಲಿ" ಎಂದು ನನಗೆ ಒಬ್ಬಳಿಗೇ ಹೇಳಿದರು. ಅಳಿಯನಿಗೆ ಹೇಳಿದ ಕಾರಣ ಬೇರೆ: "ನಿನ್ನ ನಾಯಿ ಮೈತುಂಬ ಕೂದಲಾ ಉದರಸ್ತೈತಿ. ನಾ ಲಿಂಗಪೂಜಿ ಮಾಡಾಕಿ."

ಗಿರಿಜಾ ಹೋದ ದಿನಕ್ಕೆ ವಿಶ್ವನಾಥನ ದರ್ಶನ ಮಾಡಬೇಕೆಂಬುದು ಅವರ ಆಸೆ. ರಾಜು ಲೆಕ್ಕ ಹಾಕಿದ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಒಂಬತ್ತರೊಳಗೆ ಮುಗಿಯುತ್ತದೆ. ನಾನು ನೀಲಮ್ಮನವರ ಕೈಹಿಡಿದು ಒಳಗೆ ಹೋಗುವುದು, ಅವನು ಹೊರಗೆ ನಿಲ್ಲುವುದು. ಗುಡಿಯೊಳಗೆ ಫೋನ್ ಒಯ್ಯುವಂತಿಲ್ಲ. ಹೊರಗಿನ ಅಂಗಡಿಗಳ ಲಾಕರಿನಲ್ಲಿ ಇಟ್ಟೇ ಹೋಗಬೇಕು. ಹಾಗಾಗಿ ಅವನು ಹೊರಗೆ. ಆ ಬೆಳಿಗ್ಗೆ ನಾಲ್ಕಕ್ಕೇ ವಿದ್ಯುತ್ತು ಹೋಗಿತ್ತು. ಮನೆಯಲ್ಲಿ ಬಿಟ್ಟರೆ ಕಡ್ಲಿ ಬೇಯುತ್ತದೆ ಎಂದು ಅವನು ಅದನ್ನೂ ಹೊರಡಿಸಿದ. ನೀಲಮ್ಮನವರ ಓಣಿಗೆ ಒಯ್ಯುವಂತಿರಲಿಲ್ಲ. ಹಿಂದಿನ ವರ್ಷ ಅಲ್ಲಿನ ನಾಯಿಗಳು ಅದರ ಕಿವಿ ಹರಿದಿದ್ದವು.

ಓಣಿಗಳಿಗೆ ಕಾರು ಹೋಗುವುದಿಲ್ಲ. ದೊಡ್ಡ ರಸ್ತೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಬೇಕು. ಅದನ್ನು ನೋಡಿಕೊಳ್ಳುತ್ತಿದ್ದವರು ಲಲ್ಲನ್ ಎಂಬ ಮುದುಕ. ಕೊರಳಲ್ಲಿ ಸೀಟಿ, ತಲೆಗೆ ಒದ್ದೆ ಗಮ್ಛಾ. ಕಾರುಗಳನ್ನು ಒಂದರ ಹಿಂದೆ ಒಂದು ಒತ್ತಾಗಿ ನಿಲ್ಲಿಸಿ, ಕೀಲಿ ತಾವೇ ಇಟ್ಟುಕೊಂಡು, ಬೇಕಾದಂತೆ ಸರಿಸುವುದು ಅವರ ಪದ್ಧತಿ. ರಾಜು ಕೀಲಿ ಕೊಡುತ್ತಿರಲಿಲ್ಲ. ಹಿಂದೊಮ್ಮೆ ಲಲ್ಲನ್ ಕಡ್ಲಿಯನ್ನು ನೋಡಲು ಗಾಜು ಬಡಿದಾಗ ಅದು ಹೆದರಿ ಸೀಟಿನ ಕೆಳಗೆ ತೂರಿತ್ತಂತೆ, ರಾಜು ರೇಗಿದ್ದನಂತೆ. ಅಂದು ಕೂಡ ಬೇವಿನ ಮರದ ನೆರಳು ನೋಡಿ ಕಾರು ನಿಲ್ಲಿಸಿ, ಇಳಿಯುತ್ತಲೇ ಹೇಳಿದ:

"ಚಾಚಾ, ಗಾಡಿ ಕೋ ಹಾಥ್ ಮತ್ ಲಗಾನಾ."

"ನಾಹೀ ಲಗಾಇಬ್, ಡಾಕ್ಟರ್ ಸಾಹಬ್" ಎಂದರು ಲಲ್ಲನ್, ಎರಡೂ ಕೈ ಮೇಲೆತ್ತಿ ತೋರಿಸಿ. ಮುಟ್ಟುವುದಿಲ್ಲ ಎಂದು. ಆಮೇಲೆ ಒಳಗಿದ್ದ ಕಡ್ಲಿಗೂ ಕೈ ಎತ್ತಿ ತೋರಿಸಿದರು. ಮುಂದಿನ ಗಾಜಿನ ಮೂಲೆಯಲ್ಲಿ ರಾಜುವಿನ ಫೋನ್ ನಂಬರಿನ ಚೀಟಿ ಇತ್ತು. ಆಗ ಎಂಟಕ್ಕೆ ಹತ್ತು ನಿಮಿಷ.

ನೀಲಮ್ಮನವರು ಸಿದ್ಧವಾಗಿರಲಿಲ್ಲ. ಪೂಜೆ ಅರ್ಧಕ್ಕಿತ್ತು. ನಾವು ಕೋಣೆಯ ಹೊಸ್ತಿಲಲ್ಲಿ ಕೂತೆವು. ಅಲಾರಂ ಕೂಗಿತು, ರಾಜು ಒತ್ತಿದ. ಇನ್ನೊಮ್ಮೆ ಕೂಗಿತು. ಮುದುಕಿ ಕಣ್ಣು ತೆರೆದರು.

"ಏನೋ ಅದು ನಿನ್ನ ಕಿಸೆದಾಗ, ಮರಿ ಇಟ್ಟಂಗ ಕುಂಯ್ಗುಡತೈತಿ?"

"ಕಡ್ಲಿ ಕಾರಿನಾಗ ಐತ್ರಿ ಅತ್ತಿ. ಎ.ಸಿ. ಹಚ್ಚಬೇಕು."

"ಇಲ್ಲಿ ಕುಂತು ಅಲ್ಲಿ ಗಾಳಿ ಬೀಸ್ತಿಯೇನು? ನನ್ನ ಮಗಳಿಗೂ ಹಿಂಗ ಬೀಸಿದ್ದಿಲ್ಲ ನೀ."

ರಾಜು ನಕ್ಕ. ನೀಲಮ್ಮನವರೂ ನಕ್ಕರು. ಬೈಗುಳದಂತೆ ಕೇಳಿದರೂ ಅದು ಬೈಗುಳವಾಗಿರಲಿಲ್ಲ.

ಹೊರಟಾಗ ಎಂಟು ಇಪ್ಪತ್ತೈದು. ನೀಲಮ್ಮನವರ ಮೊಣಕಾಲಿಗೆ ಹೊಂದಿಕೊಂಡು ಮೆಲ್ಲಗೆ ನಡೆದು, ಗುಡಿಯ ದ್ವಾರದ ಸಮೀಪದ ಲಾಕರ್ ಅಂಗಡಿ ತಲುಪಿದಾಗ ಎಂಟು ನಲವತ್ತು ದಾಟಿತ್ತು. ನಾನು ನನ್ನ ಫೋನು, ಚೀಲ, ನಮ್ಮಿಬ್ಬರ ಚಪ್ಪಲಿ ಕೊಟ್ಟು ಬಿಲ್ಲೆ ಇಸಿದುಕೊಂಡೆ. ಸಾದಾ ಕೈಗಡಿಯಾರ ಕೈಯಲ್ಲೇ ಉಳಿಯಿತು. ರಾಜು ಗೋಡೆಯ ನೆರಳಿಗೆ ಸರಿದು ನಿಂತ.

"ನೀ ಯಾಕ ನಿಂತಿ?" ನೀಲಮ್ಮನವರು ಕೇಳಿದರು.

"ನಾ ಇಲ್ಲೇ ಇರ್ತೇನ್ರಿ. ಅಕ್ಕ ಬರ್ತಾಳ ನಿಮ್ಮ ಜೋಡಿ."

"ಅಕ್ಕ ಏನ್ ಹೇಳ್ತಾಳ ಅಲ್ಲಿ? ಗಿರಿಜಾನ ಹೆಸರ ಹೇಳಿ ಬೇಡ್ಕೊಳ್ಳಾಕ ಬಂದೇವಿ. ಗಂಡ ಹೇಳಬೇಕು ಹೆಸರಾ. ಎರಡು ವರ್ಷ ಆತು, ಒಂದ ಸಲ ನಿನ್ನ ಬಾಯಾಗ ಆಕಿ ಹೆಸರು ಕೇಳಿಲ್ಲ ನಾ."

ನಿಜ. ನಾನೂ ಕೇಳಿರಲಿಲ್ಲ. ರಾಜು ನನ್ನ ಮುಖ ನೋಡಿದ. ಆಮೇಲೆ ಸಾಲನ್ನು ನೋಡಿದ. ಸಾಲು ಸರಾಗ ಸರಿಯುತ್ತಿತ್ತು. ಅವನ ವಿದ್ಯಾರ್ಥಿಯೊಬ್ಬ ಬೇಗ ಬಿಡುವ ಸಾಲಿನ ಚೀಟಿ ಮಾಡಿಸಿಕೊಟ್ಟಿದ್ದ. "ಹತ್ತು ನಿಮಿಷ ಹಿಡಿದೀತು, ಅಲಾ?" ಎಂದ. ನಾನು "ಹೂಂ" ಎಂದೆ.

ಅವನು ಕೊನೆಯ ಸಲ ಗುಂಡಿ ಒತ್ತಿದ್ದು ಎಂಟು ನಲವತ್ತನಾಲ್ಕಕ್ಕೆ. ಪರದೆಯ ಮೇಲೆ ಹಸಿರು ಗುರುತು ಬರುವವರೆಗೆ ಕಾದು, ಫೋನನ್ನು ಅಂಗಡಿಯವನಿಗೆ ಕೊಟ್ಟ. ಅದು ನನ್ನ ಚೀಲದೊಂದಿಗೇ ಅದೇ ಬಿಲ್ಲೆಗೆ ಸೇರಿತು.

ಇಲ್ಲಿ ಒಂದು ವಾಕ್ಯ ಬರಬೇಕಿತ್ತು. "ಫೋನ್ ನನ್ನ ಕೈಯಾಗ ಕೊಡು, ನಾ ಹೊರಗ ನಿಲ್ತೇನಿ, ನೀ ಅತ್ತಿನ್ನ ಕರಕೊಂಡು ಹೋಗು." ಅದನ್ನು ಹೇಳಲು ಮೂರು ಕ್ಷಣ ಸಾಕು. ನನಗೆ ಹೊಳೆಯಲಿಲ್ಲವೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಹೊಳೆದಿತ್ತು. ಚೀಲ ಆಗಲೇ ಕೊಟ್ಟಾಗಿತ್ತು, ದರ್ಶನ ನನಗೂ ಬೇಕಿತ್ತು, ಮತ್ತು ಹತ್ತು ನಿಮಿಷ ಎಂದು ಅವನೇ ಹೇಳಿದ್ದ.

ಒಂಬತ್ತಕ್ಕೆ ಎರಡು ನಿಮಿಷವಿರುವಾಗ ಸಾಲು ನಿಂತಿತು. ಯಾರೋ ದೊಡ್ಡವರು ಬಂದಿದ್ದಾರೆ ಎಂದು ಮುಂದಿನವರು ಹೇಳಿದರು. ಹಾಗಲ್ಲ, ಒಳಗೆ ಪೂಜೆ ನಡೆದಿದೆ ಎಂದು ಹಿಂದಿನವರು. ಎರಡೂ ಕಡೆ ಉಕ್ಕಿನ ಸರಳು, ಹಿಂದೆ ಜನ, ಮುಂದೆ ಜನ. ತಲೆಯ ಮೇಲೆ ಬಟ್ಟೆಯ ಚಪ್ಪರವಿತ್ತು, ಫ್ಯಾನೂ ತಿರುಗುತ್ತಿತ್ತು. ಆದರೂ ನನ್ನ ಸೀರೆ ಬೆನ್ನಿಗೆ ಅಂಟಿತ್ತು.

"ಎಷ್ಟಾತು ಅಕ್ಕಾ?"

"ಒಂಬತ್ತು ನಾಲ್ಕು."

ಎ.ಸಿ. ನಿಂತು ಆಗಲೇ ಹತ್ತು ನಿಮಿಷ. ಇಬ್ಬರಿಗೂ ಗೊತ್ತಿತ್ತು.

"ನೆರಳೈತಿ ಅಲ್ಲಿ" ಎಂದ ರಾಜು.

ಬೇವಿನ ನೆರಳು ಎಂಟಕ್ಕೆ ಎಲ್ಲಿತ್ತು ಎಂಬುದು ನೆನಪಿತ್ತು. ಒಂಬತ್ತಕ್ಕೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

"ಈಗೆಷ್ಟು?"

"ಒಂಬತ್ತು ಹನ್ನೊಂದು."

ಅವನು ತಿರುಗಿ ಹಿಂದಿನವರಿಗೆ ದಾರಿ ಬಿಡಿ ಎಂದು ಹಿಂದಿಯಲ್ಲಿ ಕೇಳಿಕೊಂಡ. ಯಾರೋ ನಕ್ಕರು. ಇನ್ಯಾರೋ, ದೇವರ ಬಾಗಿಲಿಗೆ ಬಂದು ತಿರುಗಿ ಹೋಗುತ್ತಾರೆಯೇ, ಸ್ವಲ್ಪ ತಾಳಿ ಎಂದರು. ಅವನು ನಿಂತ. ನಾಲ್ಕೈದು ನಿಮಿಷ ಹಾಗೇ ನಿಂತ. ವಾರ್ಡಿನಲ್ಲಿ ಅವನು ಹೀಗೆ ನಿಂತದ್ದನ್ನು ಯಾರೂ ಕಂಡಿರಲಾರರು. ಅವನ ಕೈ ಮೇಲಿಂದ ಮೇಲೆ ಖಾಲಿ ಕಿಸೆಗೆ ಹೋಗುತ್ತಿತ್ತು.

ನೀಲಮ್ಮನವರು ಅವನನ್ನು ಅಷ್ಟು ಹೊತ್ತೂ ನೋಡುತ್ತಿದ್ದರು. ಅವನ ಮೊಣಕೈ ಹಿಡಿದು ಕೇಳಿದರು.

"ಬರೇ ನಾಯಿ ಅಂತ ತಿಳಿದಿದ್ದೆ. ಜೀವಕ್ಕ ಕುತ್ತೈತೇನು?"

"ಹೂನ್ರಿ ಅತ್ತಿ."

"ಹಂಗಾರ ಯಾಕ ನಿಂತಿ? ಹೋಗು. ಸರಳು ಹಾರು. ಹೋಗೋ!"

ಅವನು ಸರಳು ಹಾರಿದ. ಐವತ್ತೊಂದು ವರ್ಷದ ಮನುಷ್ಯ. ಪೊಲೀಸನೊಬ್ಬ ಕೂಗುತ್ತ ಬಂದ. "ಡಾಕ್ಟರ್ ಹೂಂ, ಮರೀಜ್ ಹೈ" ಎಂದು ರಾಜು ಕೂಗಿದ್ದು ಕೇಳಿಸಿತು. ರೋಗಿ ಇದ್ದಾರೆ ಎಂದು. ಒಂಬತ್ತು ಹದಿನೆಂಟು.

ಬಿಲ್ಲೆ ನನ್ನ ಬಳಿಯಿತ್ತು. ಅದು ನೆನಪಾಗಿ ನಾನೂ ಸರಳಿನ ಕೆಳಗೆ ನುಸುಳಿದೆ. ನೀಲಮ್ಮನವರನ್ನು ಪಕ್ಕದ ಮರಾಠಿ ಹೆಂಗಸೊಬ್ಬರ ಕೈಗೆ ಒಪ್ಪಿಸಿ ಓಡಿದೆ. ಲಾಕರ್ ಅಂಗಡಿಯ ಮುಂದೆ ರಾಜು ಬಿಲ್ಲೆಯಿಲ್ಲದೆ ಜಗಳವಾಡುತ್ತಿದ್ದ. ಫೋನ್ ಕೈಗೆ ಬಂದಾಗ ಒಂಬತ್ತು ಇಪ್ಪತ್ತೊಂಬತ್ತು. ಗುರುತಿಲ್ಲದ ನಂಬರಿನಿಂದ ನಾಲ್ಕು ಕರೆ ಬಂದಿದ್ದವು. ಮೊದಲನೆಯದು ಒಂಬತ್ತು ಏಳಕ್ಕೆ, ಕೊನೆಯದು ಒಂಬತ್ತು ಇಪ್ಪತ್ತಕ್ಕೆ. ಅವನು ಗುಂಡಿ ಒತ್ತುತ್ತಲೇ, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಓಡಿದ. ಚಕ್ರ ತಿರುಗುತ್ತಿತ್ತು.

ನಾನು ತಲುಪಿದಾಗ ಕಾರಿನ ಬಾಗಿಲು ತೆರೆದಿತ್ತು. ನೆರಳು ಕಾರನ್ನು ಬಿಟ್ಟು ಆಚೆ ಗೋಡೆಗೆ ಹೋಗಿತ್ತು. ಗಾಜಿನ ಒಳಮೈ ಜೊಲ್ಲಿನಿಂದ ಮಂಜಾಗಿತ್ತು, ಹಿಂದಿನ ಬಾಗಿಲಿನ ರೆಕ್ಸಿನ್ ಉಗುರಿನಿಂದ ಹರಿದಿತ್ತು. ಕಾರಿನ ಚಾವಣಿಯ ಮೇಲೆ ಒದ್ದೆ ಗೋಣಿಚೀಲಗಳಿದ್ದವು. ಅವನ್ನು ಹಾಕಿದವರು ಲಲ್ಲನ್. ಅವರ ಕೈಯಲ್ಲಿ ಅರ್ಧ ಇಟ್ಟಿಗೆಯಿತ್ತು.

"ಚಾರ್ ಬೇರ್ ಫೋನ್ ಕಇಲೀ" ಎನ್ನುತ್ತಿದ್ದರು. ನಾಲ್ಕು ಸಲ ಫೋನ್ ಮಾಡಿದೆ ಎಂದು. ಮೊದಲು ಬೊಗಳುತ್ತಿತ್ತು, ಆಮೇಲೆ ಬೊಗಳಲಿಲ್ಲ, ಮಲಗಿತೆಂದುಕೊಂಡೆ ಎಂದರು. ಗಾಜು ಒಡೆಯಿರಿ ಎಂದು ಇತರರು ಹೇಳಿದರಂತೆ. ಇಟ್ಟಿಗೆಯನ್ನು ಲಲ್ಲನ್ ತಂದೂ ಇದ್ದರಂತೆ. ಆಮೇಲೆ ರಾಜುವಿನ ಕಡೆ ತಿರುಗಿ, ಮೆಲ್ಲಗೆ, ದೂರುವ ಸ್ವರವಿಲ್ಲದೆ: "ಆಪೇ ಕಹಲೀಂ, ಸಾಹಬ್. ಹಾಥ್ ಮತ್ ಲಗಾನಾ."

ನೀವೇ ಹೇಳಿದಿರಿ, ಮುಟ್ಟಬೇಡ ಎಂದು. ರಾಜು ಕೇಳಿಸಿಕೊಂಡನೋ ಇಲ್ಲವೋ ತಿಳಿಯದು. ಅವನು ಕಡ್ಲಿಯನ್ನು ಗೋಡೆಯ ನೆರಳಿಗೆ ಎಳೆದು ಮಲಗಿಸಿ, ತೊಡೆಯ ಒಳಬದಿಗೆ ಬೆರಳಿಟ್ಟು ನಾಡಿ ನೋಡುತ್ತಿದ್ದ. ನೀರು ಎಂದ. ಲಲ್ಲನ್ ಬಕೆಟ್ ತಂದರು. ಹೊಟ್ಟೆಗೆ, ಪಾದಕ್ಕೆ, ಕಂಕುಳಿಗೆ ನೀರು ಸುರಿಯುತ್ತ ಹೋದ. ನನಗೆ ರಟ್ಟು ಕೊಟ್ಟು ಬೀಸು ಎಂದ. ಲಲ್ಲನ್ ತಮ್ಮ ಗಮ್ಛಾ ತೋಯಿಸಿ ಬೀಸಿದರು. ಹೀಗೆ ಇಪ್ಪತ್ತು ನಿಮಿಷ.

ಕಡ್ಲಿ ಕಣ್ಣು ತೆರೆಯಿತು. ತಲೆ ಎತ್ತಿತು. ರಾಜುವಿನ ಕೈಯಲ್ಲಿದ್ದ ನೀರನ್ನು ನೆಕ್ಕಿತು. ಎದ್ದು ನಾಲ್ಕು ಕಾಲಿನ ಮೇಲೆ ನಿಂತಿತು.

"ಬಚ್ ಗಇಲ್! ಬಾಬಾ ಬಚಾ ಲೇಹಲನ್!" ಲಲ್ಲನ್ ಚಪ್ಪಾಳೆ ತಟ್ಟಿದರು. ಬದುಕಿತು, ಬಾಬಾ ವಿಶ್ವನಾಥ ಬದುಕಿಸಿದ ಎಂದು. ಸುತ್ತ ನಿಂತ ಡ್ರೈವರುಗಳು ನಕ್ಕರು. ನಾನೂ ನಕ್ಕೆ. ನನಗೆ ಅಳುವೂ ಬಂದಿತ್ತು.

ರಾಜು ನಗಲಿಲ್ಲ. ಅವನು ಕಡ್ಲಿಯ ತುಟಿ ಎತ್ತಿ ಒಸಡು ನೋಡುತ್ತಿದ್ದ. ಅಲ್ಲಿ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದವು. ಅವನಿಗೆ ಅವು ಗೊತ್ತಿದ್ದವು. ಎದ್ದು ಕೂತು, ಚಹಾ ಕೇಳಿ, ಮನೆಗೆ ಕಳಿಸಿ ಎಂದು ಹಟ ಮಾಡಿ, ಸಂಜೆಗೆ ರಕ್ತ ವಾಂತಿ ಮಾಡಿದ ಕೂಲಿಗಳ ಕಥೆಯನ್ನು ಅವನೇ ನನಗೆ ಹೇಳಿದ್ದ.

ಪಶುವೈದ್ಯರ ಮೇಜಿನ ಮೇಲೆ ಹನ್ನೊಂದಕ್ಕೆ ಅದರ ಕಾಲು ನಡುಗಲು ಶುರುವಾಯಿತು. ಮಧ್ಯಾಹ್ನ ಎರಡಕ್ಕೆ ಮೂಗಿನಲ್ಲಿ ರಕ್ತ. ರಾಜು ಆ ವೈದ್ಯರೊಂದಿಗೆ ಸಮಾನನಂತೆ, ಶಾಂತವಾಗಿ, ಔಷಧದ ಹೆಸರು ಹಿಡಿದು ಮಾತಾಡುತ್ತಿದ್ದ. ಹೊರಗೆ ಲೂ ಬೀಸಿ ತಗಡಿನ ಫಲಕವೊಂದು ಬಡಿದುಕೊಳ್ಳುತ್ತಿತ್ತು. ಮೂರೂವರೆಯ ಹೊತ್ತಿಗೆ ಅವನು ಮಾತು ನಿಲ್ಲಿಸಿ, ಬಗ್ಗಿ, ಅದರ ಕಿವಿಯ ಹತ್ತಿರ ಬಾಯಿ ತಂದು, "ಗಿರಿಜಾ ಬರ್ತಾಳ, ಕುಂದರ" ಎಂದ. ಕಡ್ಲಿ ಮಲಗಿಯೇ ಇತ್ತು. ಬಾಲ ಒಮ್ಮೆ ಅಲುಗಿತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ವೈದ್ಯರು ಕೈ ತೆಗೆದರು.

ನೀಲಮ್ಮನವರಿಗೆ ಸಂಜೆ ಹೇಳಿದೆ. ಆ ಮರಾಠಿ ಹೆಂಗಸು ಅವರಿಗೆ ದರ್ಶನ ಮಾಡಿಸಿ ಕೋಣೆಗೆ ತಲುಪಿಸಿದ್ದರು. ಪ್ರಸಾದದ ಪೊಟ್ಟಣವನ್ನು ನೀಲಮ್ಮನವರು ಬಿಚ್ಚದೆ ಗೂಡಿನಲ್ಲಿಟ್ಟಿದ್ದರು.

"ನಾ ಕರೀಬಾರದಿತ್ತು ಅವನ್ನ."

"ನೀವು ಕರದದ್ದು ತಪ್ಪಲ್ರಿ."

"ಮತ್ತ ಯಾರ ತಪ್ಪು?"

ನಾನು ಅವರಿಗೆ ಉತ್ತರ ಕೊಡಲಿಲ್ಲ. ಇಲ್ಲಿ ಕೊಟ್ಟಿದ್ದೇನೆ.

ಮನೆಯ ಹಿಂದಿನ ಬೇಲಿಯ ಪಕ್ಕ, ಮನೆಯ ಮಾಲೀಕರ ಒಪ್ಪಿಗೆ ಪಡೆದು, ಮರುದಿನ ಬೆಳಿಗ್ಗೆ ಕಡ್ಲಿಯನ್ನು ಹೂಳಿದೆವು. ರಾಜು ಎರಡು ದಿನ ರಜೆ ಹಾಕಿ ಮೂರನೆಯ ದಿನ ವಾರ್ಡಿಗೆ ಹೋದ. ಲೂ ಬಡಿದ ರೋಗಿಗಳು ಬರುತ್ತಲೇ ಇದ್ದರು.

ಜೂನ್ ಮೊದಲ ವಾರ ನೀಲಮ್ಮನವರು ಊರಿಗೆ ಹೊರಟರು. ಅವರ ಗಂಟುಮೂಟೆ ತರಲು ರಾಜುವೂ ನಾನೂ ಕಾರಿನಲ್ಲಿ ಮತ್ತೆ ಅದೇ ಜಾಗಕ್ಕೆ ಹೋದೆವು. ಒಳಗೆ ಬರುವ ಕಾರುಗಳು ಬಾಗಿಲಲ್ಲೇ ಸಾಲಾಗಿ ನಿಂತಿದ್ದವು. ಲಲ್ಲನ್ ಒಂದೊಂದನ್ನೂ ತಡೆದು, ಹಿಂದಿನ ಕಿಟಕಿಗೆ ಎರಡೂ ಅಂಗೈ ಒತ್ತಿ, ಹಣೆ ಹಚ್ಚಿ ಒಳಗೆ ನೋಡುತ್ತಿದ್ದರು. ಮುಂದಿದ್ದ ಬಿಳಿ ಕಾರಿನವನು ಹಾರನ್ ಬಾರಿಸಿ, ಗಾಜು ಕೊಳೆ ಮಾಡಬೇಡ ಎಂದು ಗದರಿದ. ಲಲ್ಲನ್ ಕೈ ತೆಗೆಯಲಿಲ್ಲ. ಪೂರ್ತಿ ನೋಡಿಯೇ ಬಿಟ್ಟರು.

ನಮ್ಮ ಸರದಿ ಬಂತು. ರಾಜುವನ್ನು ಅವರು ಗುರುತು ಹಿಡಿದರು. ಆಮೇಲೆ ಎಲ್ಲರನ್ನೂ ಕೇಳಿದ್ದನ್ನೇ ಕೇಳಿದರು.

"ಪೀಛೇ ಕೇಹೂ ಬಾ?"

ಹಿಂದೆ ಯಾರಾದರೂ ಇದ್ದಾರೆಯೇ?

ರಾಜು ಎಂಜಿನ್ ನಿಲ್ಲಿಸಿದ. ಇಳಿದ. ಹಿಂದಿನ ಬಾಗಿಲನ್ನು ತಾನೇ ಅಗಲವಾಗಿ ತೆರೆದು ಹಿಡಿದು, ಅವರು ಚೆನ್ನಾಗಿ ನೋಡಲೆಂದು ಪಕ್ಕಕ್ಕೆ ಸರಿದು ನಿಂತ.

"ಕೋಈ ನಹೀಂ, ಚಾಚಾ" ಎಂದ. ಕಾರಿನ ಕೀಲಿಯನ್ನು ಅವರ ಕೈಯಲ್ಲಿಟ್ಟ.